ಹನ್ನೊಂದರವಳ ಶೂ

ಹನ್ನೊಂದರವಳು ಇನ್ನೂ ಬಂದಿರಲಿಲ್ಲ. ಈ ಕೇಂದ್ರದಲ್ಲಿ ಬರುವವರನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಹೊರಗಿನ ಬೆಂಚಿನಲ್ಲಿ ಕೂತವರ ಕಿವಿಗೆ ಬೀಳಬಾರದೆಂದು ಗಂಟೆಯಿಂದಲೇ ಗುರುತಿಸುತ್ತಾರೆ: ಒಂಬತ್ತೂವರೆಯವರು, ಹನ್ನೊಂದರವಳು, ಊಟ ಆದಮೇಲಿನ ಅಜ್ಜ. ಆಪ್ತಸಮಾಲೋಚಕಿ ತನ್ನ ಕುರ್ಚಿಯಲ್ಲಿ ಕೂತು ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತಿದ್ದಳು. ಅದರ ಹಿಂದಿನ ಗೋಡೆಯಲ್ಲಿ ಗಡಿಯಾರ. ಬಂದವರಿಗೆ ತಿಳಿಯದ ಹಾಗೆ ತಾನು ಹೊತ್ತು ನೋಡಿಕೊಳ್ಳಲೆಂದು ಅವಳೇ ಅಲ್ಲಿ ಮೊಳೆ ಹೊಡೆಸಿದ್ದಳು. ಯಾರಾದರೂ ಕೂತಿದ್ದರೆ ಅವರ ತಲೆಯ ಮೇಲೆ ಮುಳ್ಳುಗಳು ಅರ್ಧ ಕಾಣುತ್ತಿದ್ದವು. ಇವತ್ತು ಮರೆ ಮಾಡುವ ತಲೆಯಿಲ್ಲದೆ ಪೂರಾ ಕಾಣುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗಲೆಲ್ಲ ಅವಳು ಸೊಂಟ ನೆಟ್ಟಗೆ ಮಾಡಿಕೊಂಡು, ಮುಖಕ್ಕೆ ಆ ದಿನನಿತ್ಯದ ಶಾಂತಿಯನ್ನು ತಂದುಕೊಳ್ಳುತ್ತಿದ್ದಳು. ಹೆಜ್ಜೆ ಮೇಲಿನ ಮಹಡಿಯ ಹಲ್ಲಿನ ಡಾಕ್ಟರಲ್ಲಿಗೆ ಹೋಗುತ್ತಿತ್ತು. ಶಾಂತಿ ಮುಖದ ಮೇಲೆ ಹಾಗೇ ಉಳಿದು ಕೆನ್ನೆ ನೋಯುತ್ತಿತ್ತು.

ಪಾದಗಳನ್ನು ಕುರ್ಚಿಯಡಿಗೆ ಎಳೆದುಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಹೀಗೇ. ಕಾಲಲ್ಲಿದ್ದದ್ದು ಕಂದು ಬಣ್ಣದ, ದಪ್ಪ ಅಟ್ಟೆಯ, ದಾರ ಕಟ್ಟುವ ಶೂ. ಹೋದ ವಾರ ಹನ್ನೊಂದರವಳು ಕೊಟ್ಟದ್ದು.

ಹನ್ನೊಂದರವಳು ನೀರಿನ ಮೀಟರ್ ಓದುವವಳು. ಬೀದಿ ಬೀದಿ ಸುತ್ತಿ, ಮನೆ ಮುಂದೆ ಕುಕ್ಕರಗಾಲಲ್ಲಿ ಕೂತು, ಕಬ್ಬಿಣದ ಮುಚ್ಚಳ ಎತ್ತಿ, ಗಾಜಿನ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, ಅಂಕಿ ಬರೆದುಕೊಂಡು ಏಳುವ ಕೆಲಸ. ಒಂದು ದಿನ ಹಾಗೆ ಕೂತವಳಿಗೆ ಏಳಲು ಮನಸ್ಸಾಗಲಿಲ್ಲ. ಆ ಮನೆಯ ಯಜಮಾನಿ ಮೊದಲು ಬೈದು, ಆಮೇಲೆ ಹೆದರಿ, ಕೊನೆಗೆ ನೀರು ಕೊಟ್ಟು, ಅವಳ ಅಕ್ಕನಿಗೆ ಫೋನು ಮಾಡಿಸಿದ್ದಳಂತೆ. ಅಂದಿನಿಂದ ರಜೆ. ಅಕ್ಕನ ಮನೆಯ ಹಿಂದಿನ ಕೋಣೆ. ಈ ಕುರ್ಚಿ. ಇಲ್ಲಿ ಕೂತರೂ ನೆಲವನ್ನೇ ನೋಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ನಿದ್ದೆ ಹೇಗಿದೆ, ಊಟ ಹೇಗಿದೆ ಎಂದರೆ ನೆಲಕ್ಕೇ ಉತ್ತರ ಹೇಳುತ್ತಿದ್ದಳು. ಪ್ರತಿ ವಾರವೂ, ತಪ್ಪದೆ, ಆಪ್ತಸಮಾಲೋಚಕಿ ಕೇಳುತ್ತಿದ್ದಳು: "ಸಾಯ್ಬೇಕು ಅಂತ ಅನ್ನಿಸ್ತಿದೆಯಾ?" ಸುತ್ತಿ ಬಳಸದೆ ಹೀಗೆ ನೇರವಾಗಿ ಕೇಳಬೇಕು, ಕೇಳಿದ್ದರಿಂದ ಯಾರ ತಲೆಗೂ ಹೊಸದಾಗಿ ಆ ಯೋಚನೆ ಹೊಗುವುದಿಲ್ಲ, ಇದ್ದವರಿಗೆ ಹೇಳಿಕೊಳ್ಳಲು ಒಂದು ಬಾಗಿಲು ಸಿಗುತ್ತದೆ. ಹೊಸದಾಗಿ ಸೇರಿದವರಿಗೆ ಇದನ್ನು ಕಲಿಸುವವಳೂ ಅವಳೇ. ಹೋದ ವಾರವೇ, ಶೂ ತೆಗೆದುಕೊಂಡ ಹಿಂದಿನ ದಿನವೇ, ಆ ಪಾಠ ಮಾಡಿದ್ದಳು. ಬೋರ್ಡಿನ ಮುಂದೆ ನಿಂತು, ಬೇಸರದಲ್ಲಿದ್ದವರು ಇದ್ದಕ್ಕಿದ್ದಂತೆ ಹಗುರಾದರೆ ಹುಷಾರಾಗಿರಿ, ತಮ್ಮ ವಸ್ತುಗಳನ್ನು ಹಂಚತೊಡಗಿದರೆ ಇನ್ನೂ ಹುಷಾರಾಗಿರಿ ಎಂದಿದ್ದಳು. ಹುಡುಗ ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಂಡಿದ್ದರು. ಹೇಳುವಾಗ ತನ್ನ ಧ್ವನಿ ತನಗೇ ಇಷ್ಟವಾಗಿತ್ತು.

ಮಾರನೆಯ ದಿನ ಮೀಟರಿನವಳು ಕೂದಲು ಕತ್ತರಿಸಿಕೊಂಡು, ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಳು. ಮೊದಲ ಸಲ ಮುಖ ನೋಡಿ ಮಾತಾಡಿದಳು. ಅವಳ ಕಣ್ಣು ತಿಳಿ ಕಂದು ಎಂದು ಆಗಲೇ ಗೊತ್ತಾದದ್ದು. ಗಂಟೆ ಮುಗಿಯುವ ಹೊತ್ತಿಗೆ ಚೀಲದಿಂದ ಶೂ ತೆಗೆದು ಇಬ್ಬರ ನಡುವೆ ಇಟ್ಟಳು. "ನಿಮ್ಮ ಎಡಗಾಲಿನ ಚಪ್ಪಲಿ ಪಟ್ಟಿ ಕಿತ್ತು ಎಷ್ಟೋ ದಿನ ಆಯ್ತು ಮೇಡಂ. ಅಂಟು ಹಾಕ್ಕೊಂಡು ಓಡಾಡ್ತಿದೀರ. ನಾನು ನೋಡ್ತಾನೇ ಇದೀನಿ. ಇದು ಆಫೀಸಲ್ಲಿ ಕೊಟ್ಟಿದ್ದು, ನಂಗೆ ಬಿಗಿ, ಹಾಗೇ ಇಟ್ಟಿದ್ದೆ. ನಿಮ್ಗೆ ಸರಿಹೋಗುತ್ತೆ, ನಂಗೆ ನಿಮ್ಮ ಪಾದ ಗೊತ್ತು." ಆಪ್ತಸಮಾಲೋಚಕಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಹೊಟ್ಟೆಯಿಂದ ಒಂದು ಸಂತೋಷ ಉಕ್ಕಿ ಬಂತು. ಇಷ್ಟು ದಿನ ನೆಲ ನೋಡುತ್ತಿದ್ದಾಳೆ ಅಂದುಕೊಂಡರೆ ನನ್ನನ್ನು ನೋಡುತ್ತಿದ್ದಳು! ಹಣ್ಣು ಹೂವಿಗಿಂತ ಹೆಚ್ಚಿನದೇನನ್ನೂ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ ನೆನಪಿತ್ತು. ಕೇಳಬೇಕಾದ ಪ್ರಶ್ನೆಯೂ ನೆನಪಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇಷ್ಟು ನಗುನಗುತ್ತಾ ಕೂತವಳನ್ನು, ತನ್ನ ಇಷ್ಟು ತಿಂಗಳ ಕೆಲಸ ಕೈಗೂಡಿದಂತೆ ಕೂತವಳನ್ನು, ಸಾಯಬೇಕು ಅನ್ನಿಸುತ್ತಿದೆಯೇ ಎಂದು ಕೇಳುವುದೆಂದರೆ ಉಣ್ಣುವವರ ತಟ್ಟೆಗೆ ಮಣ್ಣು ಹಾಕಿದಂತೆ. ಮುಂದಿನ ವಾರ ಕೇಳಿದರಾಯಿತು ಅಂದುಕೊಂಡಳು. ಶೂ ಹಾಕಿ ನೋಡಿದಳು. ಇಬ್ಬರೂ ನಕ್ಕರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು.

ಮೀಟರಿನವಳಿಗೆ ಆಗಲೇ ಎರಡು ಸಲ ಫೋನು ಮಾಡಿಯಾಗಿತ್ತು. ಸ್ವಿಚ್ ಆಫ್. ಮೂರನೆಯ ಸಲ ಮಾಡುವಾಗ, ಈ ಸಲ ಎತ್ತಿದರೆ ಇನ್ನು ಮುಂದೆ ಮನೆಯಲ್ಲಿ ಯಾರ ಮೇಲೂ ರೇಗುವುದಿಲ್ಲ ಎಂದು ಹರಕೆ ಹೊತ್ತ ಹಾಗೆ ಅಂದುಕೊಂಡಳು. ಸ್ವಿಚ್ ಆಫ್. ಬೆಳಿಗ್ಗೆ ಅಮ್ಮನ ಮೇಲೆ ರೇಗಿದ್ದಳಲ್ಲ. ಅಮ್ಮ ತಮ್ಮ ಹಳೆಯ ಸ್ವೆಟರುಗಳನ್ನೆಲ್ಲ ಮಂಚದ ಮೇಲೆ ಗುಡ್ಡೆ ಹಾಕಿ, ಇದು ಪಕ್ಕದ ಮನೆಯವಳಿಗೆ, ಇದು ಕಸ ಒಯ್ಯುವವಳಿಗೆ ಎಂದು ವಿಂಗಡಿಸುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ರೇಗಿಬಿಟ್ಟಳು. "ಅಮ್ಮಾ, ನಿಂಗೆ ಬದುಕಿದ್ದು ಸಾಕು ಅನ್ನಿಸ್ತಿದೆಯಾ?" ಅಮ್ಮ ಕನ್ನಡಕದ ಮೇಲಿಂದ ನೋಡಿದರು. "ನಿನ್ ಜೊತೆ ಇದ್ದೂ ಇದ್ದೂ ಸಾಕಾಗಿದೆ. ನುಸಿ ಹಿಡಿದಿದೆ ಕಣೆ ಸ್ವೆಟರಿಗೆ. ಹೋಗು, ಒಲೆ ಮೇಲೆ ಹಾಲಿದೆ." ಗಂಡ ಹೊರಗಿಂದಲೇ ಕೂಗಿದ: "ನನ್ನನ್ನೂ ಕೇಳ್ಬಿಡು, ಲೇಟಾಯ್ತು. ನಂಗೆ ಸಾಯೋ ಯೋಚನೆ ಇಲ್ಲ, ಬರೀ ತಿಂಡಿ ಯೋಚನೆ." ಅವನು ನಿಟ್ಟುಸಿರು ಬಿಟ್ಟರೆ ಕೇಳುತ್ತಾಳೆ, ಸುಮ್ಮನೆ ಕಿಟಕಿ ಹತ್ತಿರ ನಿಂತರೆ ಕೇಳುತ್ತಾಳೆ. ಹೋದ ತಿಂಗಳು ಮನೆಗೆ ಬಂದ ಅವನ ಗೆಳೆಯ ತನ್ನ ಹಳೆಯ ಕ್ಯಾಮೆರಾ ಮಾರಿಬಿಟ್ಟೆ ಎಂದದ್ದಕ್ಕೆ ಅವನನ್ನೂ ಮೂಲೆಗೆ ಕರೆದು ಕೇಳಿದ್ದಳು. ಆತ ಮತ್ತೆ ಈ ಕಡೆ ತಲೆ ಹಾಕಿಲ್ಲ. ಇವರನ್ನೆಲ್ಲ ಕೇಳಿದ್ದಾಳೆ. ಊರವರನ್ನೆಲ್ಲ ಕೇಳಿ, ಕೇಳಲೆಂದೇ ಸಂಬಳ ಕೊಡುವ ಕುರ್ಚಿಯಲ್ಲಿ ಕೂತು, ಕೇಳಬೇಕಾದವಳನ್ನೇ ಬಿಟ್ಟಿದ್ದಾಳೆ.

ಬಲಗಾಲಿನ ಬೆರಳಿಗೆ ಏನೋ ಒತ್ತುತ್ತಿತ್ತು. ಬಗ್ಗಿ ದಾರ ಸಡಿಲಿಸಿ ಶೂ ಕಳಚಿದಳು. ಕಲ್ಲೇನೂ ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಒಳಗಿನ ಮೆತ್ತೆಯ ಮೇಲೆ ಐದು ಬೆರಳುಗಳ ಗುಳಿಗಳು, ಹಿಮ್ಮಡಿಯ ಜಾಗ ಕರಿಹಿಡಿದು ನುಣುಪಾಗಿತ್ತು. ವಾರದಲ್ಲಿ ಮೂಡಿದ ಗುರುತಲ್ಲ ಅದು. ಬಿಸಿಲಲ್ಲಿ, ಬೀದಿಯಲ್ಲಿ, ತಿಂಗಳುಗಟ್ಟಲೆ ನಡೆದ ಪಾದ ತನ್ನ ಜಾಗವನ್ನು ಮಾಡಿಕೊಂಡಿತ್ತು. ಬಿಗಿಯಂತೆ! ಹಾಗೇ ಇಟ್ಟಿದ್ದಳಂತೆ! ಮೇಲೆ ಪಾಲಿಷ್ ಹಾಕಿ ಹೊಸದರಂತೆ ಮಾಡಿ ತಂದಿದ್ದಳು. ನಡೆಯುವುದೇ ಕೆಲಸವಾಗಿದ್ದ ಹೆಂಗಸು, ತಾನು ದಿನವೂ ಹಾಕುತ್ತಿದ್ದ ಶೂವನ್ನು ತಿಕ್ಕಿ ಒರೆಸಿ ಬೇರೆಯವರ ಪಾದಕ್ಕೆ ಕೊಟ್ಟು ಹೋದಳು. ನೀನು ಹಾಕಿಕೊಂಡು ಕನ್ನಡಿ ಮುಂದೆ ನಿಂತೆ, ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ಕಾಲಲ್ಲಿ ಶೂ, ಒಂದು ಕೈಯಲ್ಲಿ ಶೂ ಹಿಡಿದು ಕೂತಳು. ಬರಬೇಕಾದವರು ಬರದೆ, ಫೋನೂ ಸಿಗದೆ ಹೋದರೆ ಕಾಯಬೇಡಿ, ತಕ್ಷಣ ದೊಡ್ಡಮ್ಮನಿಗೆ ತಿಳಿಸಿ ಎಂಬುದು ಇಲ್ಲಿನ ಕಟ್ಟಳೆ. ದೊಡ್ಡಮ್ಮ ಎಂದರೆ ಕೇಂದ್ರದ ಮುಖ್ಯಸ್ಥೆ. ಎಲ್ಲರನ್ನೂ ಏಕವಚನದಲ್ಲಿ ಗದರಿಸುವ ಹಿರಿಯ ಹೆಂಗಸಾದ್ದರಿಂದ ಆ ಹೆಸರು. ಅವರ ಕೋಣೆ ಇಲ್ಲೇ, ನೀರಿನ ಫಿಲ್ಟರಿನ ಆಚೆ. ಆದರೆ ಅವರು ಮೊದಲು ಕೇಳುವುದು ಒಂದೇ: ಹೋದ ಸಲ ಕೇಳಿದ್ಯಾ? ಕೆಲವು ವರ್ಷಗಳ ಹಿಂದೆ ಹೀಗೇ ಒಬ್ಬರು, ಬಾಣಸಿಗರು, ಬರದೆ ಹೋಗಿದ್ದರು. ಆ ಸಂಜೆ ಸುದ್ದಿ ಬಂದಮೇಲೆ ಎಲ್ಲರೂ ಸುತ್ತ ಕೂತು ಕೇಳಿದಾಗ ಅವಳು "ಕೇಳಿದ್ದೆ. ಇಲ್ಲ ಅಂದಿದ್ರು" ಎಂದು ಹೇಳಬಲ್ಲವಳಾಗಿದ್ದಳು. ಕೇಳಿದ್ದೆ ಎಂಬ ಆ ಒಂದು ಮಾತನ್ನು ಹಿಡಿದುಕೊಂಡೇ ಆ ವರ್ಷ ದಾಟಿದ್ದಳು, ಅದನ್ನು ಹೇಳಿಕೊಂಡೇ ನಿದ್ದೆ ಮಾಡಿದ್ದಳು. ಈ ಸಲ ಏನು ಹೇಳುವುದು? ಪ್ರಶ್ನೆ ಕೇಳಿದ್ದೆ, ಆದರೆ ಹೋದ ವಾರ ಅಲ್ಲ, ಅದರ ಹಿಂದಿನ ವಾರ ಎನ್ನಬಹುದೇ? ಉಡುಗೊರೆಯ ವಿಷಯ ಹೇಳದೆಯೇ ಬಿಡಬಹುದೇ? ಶೂ ಕಳಚಿ ಡ್ರಾಯರಿನಲ್ಲಿ ಹಾಕಿ ಬರಿಗಾಲಲ್ಲಿ ಹೋದರೆ? ಹೀಗೆ ಅಳೆದು ಸುರಿದು ನೋಡುತ್ತಿರುವಾಗ ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಹೊಳೆಯಿತು. ಮೀಟರಿನವಳು ಎಲ್ಲಿದ್ದಾಳೋ, ಯಾವ ಸ್ಥಿತಿಯಲ್ಲಿದ್ದಾಳೋ, ಅದನ್ನು ಬಿಟ್ಟು ತನ್ನ ಜವಾಬು ಸಿದ್ಧಮಾಡುತ್ತಿದ್ದಳು. ಅಸಹ್ಯವಾಯಿತು. ತನ್ನ ಮೈಯ ವಾಸನೆ ತನಗೇ ಬಂದ ಹಾಗೆ ಮುಖ ಕಿವುಚಿಕೊಂಡಳು. ಇಷ್ಟಾದರೂ ಬಲಗಾಲನ್ನು ಶೂವಿಗೆ ತೂರಿಸಿ ಎದ್ದು ಮೊದಲು ಮಾಡಿದ ಕೆಲಸ ಫಿಲ್ಟರಿನ ಹತ್ತಿರ ಹೋಗಿ ಲೋಟ ತುಂಬಾ ನೀರು ಕುಡಿದದ್ದು, ಆಮೇಲೆ ಪರದೆ ಸರಿಮಾಡಿದ್ದು. ಆಮೇಲೆ ಬಾಗಿಲು ತಟ್ಟಿದ್ದು.

"ಹನ್ನೊಂದರವಳು ಬಂದಿಲ್ಲ. ಫೋನ್ ಆಫಾಗಿದೆ," ಎಂದಳು.

ದೊಡ್ಡಮ್ಮ ಬಿಸ್ಕತ್ತು ಅದ್ದುತ್ತಿದ್ದವರು ಕಪ್ ಕೆಳಗಿಟ್ಟರು. "ಹೋದ ಸಲ ಕೇಳಿದ್ಯಾ?"

"ಇಲ್ಲ."

"ಯಾಕೆ?"

"ಅವತ್ತು ಖುಷಿಯಾಗಿದ್ರು." ಕಾಲಿನತ್ತ ಬೆರಳು ತೋರಿಸಿ ಹೇಳಿದಳು: "ಈ ಶೂ ಕೊಟ್ರು. ನಾನು ತಗೊಂಡೆ."

ದೊಡ್ಡಮ್ಮ ಮೇಜಿನ ಮೇಲಿಂದ ಬಗ್ಗಿ ಅವಳ ಕಾಲು ನೋಡಿದರು. ಒಂದರ ದಾರ ಕಟ್ಟಿತ್ತು, ಇನ್ನೊಂದರದು ನೆಲದ ಮೇಲೆ ಎಳೆದಾಡುತ್ತಿತ್ತು. ಬೈಗುಳಕ್ಕಾಗಿ ಅವಳು ತಲೆತಗ್ಗಿಸಿ ನಿಂತಳು. ಬೈದರೆ ಎಷ್ಟೋ ಹಗುರಾಗುತ್ತಿತ್ತು. ದೊಡ್ಡಮ್ಮ ಬೈಯಲಿಲ್ಲ. ಕನ್ನಡಕ ಏರಿಸಿಕೊಂಡು ಮೀಟರಿನವಳ ಅಕ್ಕನ ನಂಬರು ಒತ್ತಿ, ಇಬ್ಬರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟರು.

"ತಂಗಿನಾ? ಬೆಳಿಗ್ಗೇನೇ ಹೊರಟ್ಲಲ್ಲ, ನಿಮ್ಮ ಹತ್ರಕ್ಕೇ ಅಂತ," ಎಂದಿತು ಅಕ್ಕನ ಧ್ವನಿ. ಹಿಂದೆ ಕುಕ್ಕರಿನ ಸದ್ದು. "ಇನ್ನೂ ಬಂದಿಲ್ವಾ? ಯಾಕೆ, ಏನಾಯ್ತು? ಹೇಳಿ ಮೇಡಂ, ಏನಾಯ್ತು?"

"ಏನೋ ಆಗಿದೆ ಅಂತಲ್ಲ ಕಣಮ್ಮ, ನೀನು ಮೊದ್ಲು ಒಲೆ ಆರಿಸಿ ಬಾ," ಎಂದು ದೊಡ್ಡಮ್ಮ ಫೋನಿನ ಮೇಲೆ ಅಂಗೈ ಇಟ್ಟು ಇವಳತ್ತ ತಿರುಗಿದರು. "ನಾನು ಅಕ್ಕನ ಜೊತೆ ಮಾತಾಡ್ತಿರ್ತೀನಿ. ನೀನು ಕೆಳಗೆ ಹೋಗಿ ನೋಡು, ಬಸ್ಸು ಇಳಿದು ಎಲ್ಲಾದ್ರೂ ನಿಂತಿದಾಳಾ ಅಂತ. ಸಿಗ್ಲಿಲ್ಲ ಅಂದ್ರೆ ಪೊಲೀಸ್‌ಗೆ ಹೇಳೋಣ. ದಾರ ಕಟ್ಕೋ, ಬಿದ್ದೀಯ."

ಕಟ್ಟಿಕೊಳ್ಳುವ ವ್ಯವಧಾನವಿರಲಿಲ್ಲ. ಮೆಟ್ಟಿಲಿಳಿಯುವಾಗ ಕೈಯಲ್ಲಿ ಕಂಬಿ ಜಾರುತ್ತಿತ್ತು. ಇದೇ ಮೆಟ್ಟಿಲಲ್ಲಿ ಹೋದ ವಾರ ಮೀಟರಿನವಳು ಇಳಿಯುವಾಗ ತಿರುಗಿ ಕೈಬೀಸಿದ್ದಳು, ಯಾವತ್ತೂ ಬೀಸದವಳು. ಬಿಸಿಲು ಮುಖಕ್ಕೆ ಹೊಡೆಯಿತು. ಜೆರಾಕ್ಸ್ ಅಂಗಡಿ, ಔಷಧಿ ಅಂಗಡಿ, ಟೈರಿನ ಅಂಗಡಿ. ಕಾಲುದಾರಿಯ ಮೇಲೆ ನೀರಿನ ಮೀಟರಿನ ಮುಚ್ಚಳಗಳು, ಒಂದರ ಪಕ್ಕ ಒಂದು. ಇಷ್ಟು ವರ್ಷ ಇವುಗಳ ಮೇಲೆ ಕಾಲಿಟ್ಟೇ ಓಡಾಡಿದ್ದಳು, ಒಮ್ಮೆಯೂ ನೋಡಿರಲಿಲ್ಲ. ಈಗ ಒಂದೊಂದರ ಪಕ್ಕದಲ್ಲೂ ಯಾರೋ ಕುಕ್ಕರಗಾಲಲ್ಲಿ ಕೂತಂತೆ ಕಂಡಿತು. ತಲೆ ತಗ್ಗಿಸಿ ಹೋಗುವ ಹೆಂಗಸರೆಲ್ಲ ಅವಳೇ ಅನ್ನಿಸಿದರು. ಒಬ್ಬಳ ಹೆಗಲು ಮುಟ್ಟಿಯೂಬಿಟ್ಟಳು; ಆಕೆ ಕೈಚೀಲ ಅವುಚಿಕೊಂಡು ಸರಿದುಹೋದಳು. ದಾರ ತುಳಿದು ಮುಗ್ಗರಿಸಿ, ಕಂಬ ಹಿಡಿದು ನಿಂತಾಗ ರಸ್ತೆಯ ಆಚೆ ಕಂಡದ್ದು ಬಸ್ ನಿಲ್ದಾಣ. ಬೆಂಚಿನ ತುದಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಾ ಕೂತಿದ್ದವಳು ಮೀಟರಿನವಳು.

ಆ ಕ್ಷಣ ಅವಳಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಹೋಗಿ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸುವಂಥ ಸಿಟ್ಟು. ಹಾರ್ನ್ ಹಾಕುವ ಗಾಡಿಗಳ ನಡುವೆ ರಸ್ತೆ ದಾಟುವಷ್ಟರಲ್ಲಿ ಅದು ಕರಗಿತು; ಬೆಂಚಿನ ಮೇಲೆ ಅವಳ ಪಕ್ಕ ಕೂತಳು. ಮೀಟರಿನವಳು ಮೊದಲು ನೋಡಿದ್ದು ಶೂವನ್ನು.

"ದಾರ ಬಿಚ್ಚಿದೆ ಮೇಡಂ."

"ಎಷ್ಟೊತ್ತಿನಿಂದ ಇಲ್ಲಿದೀರ?"

"ಬೆಳಿಗ್ಗೆಯಿಂದ. ಬರ್ಬೇಕು ಅಂತಾನೇ ಬಂದೆ." ಮೀಟರಿನವಳ ಕಾಲಲ್ಲಿ ನೀಲಿ ರಬ್ಬರಿನ, ಬಚ್ಚಲಮನೆಯ ಚಪ್ಪಲಿ. ಒಂದರ ಮೇಲೊಂದು ಪಾದ ಇಟ್ಟು ಮರೆಮಾಡಿಕೊಂಡಳು. "ಒಳಗೆ ಬರಕ್ಕೆ ಮುಖ ಇರ್ಲಿಲ್ಲ. ಫೋನ್ ಮಾಡ್ತೀರ ಅಂತ ಆಫ್ ಮಾಡ್ದೆ. ಬೈಕೋಬೇಡಿ. ನನ್ನ ಶೂ ವಾಪಸ್ ಬೇಕಿತ್ತು."

"ಏನು?"

"ನಿನ್ನೆ ಆಫೀಸಿಂದ ಫೋನ್ ಬಂತು. ರಜ ಮುಗೀತು, ಸೋಮವಾರದಿಂದ ಬರ್ತೀಯೇನಮ್ಮ ಅಂದ್ರು. ಬರ್ತೀನಿ ಸಾರ್ ಅಂದ್ಬಿಟ್ಟೆ. ಯಾಕಂದೆನೋ ಗೊತ್ತಿಲ್ಲ, ಬಾಯಿಗೆ ಬಂದ್ಬಿಡ್ತು. ಆಮೇಲೆ ಶೂ ಎಲ್ಲಿ ಅಂತ ಮಂಚದ ಕೆಳಗೆ ಹುಡುಕಿದೆ. ಹುಡುಕಿದ ಮೇಲೆ ನೆನಪಾಯ್ತು." ಮುಖ ಕೆಂಪಗಾಗಿತ್ತು. "ಕೊಟ್ಟಿದ್ದನ್ನ ವಾಪಸ್ ಕೇಳೋ ಜನ ಅಲ್ಲ ಮೇಡಂ ನಾವು. ಆದ್ರೆ ಈ ಚಪ್ಪಲೀಲಿ ಬೀದಿ ಸುತ್ತಕ್ಕಾಗಲ್ಲ."

ಆಪ್ತಸಮಾಲೋಚಕಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದನ್ನು ತಡೆಯಬೇಕೋ ತಿಳಿಯದೆ ಬಗ್ಗಿ ಶೂಗೆ ಕೈ ಹಾಕಿದಳು. ಬಲಗಾಲಿನದು ಹಾಗೇ ಬಂತು. ಎಡಗಾಲಿನ ದಾರ ಗಂಟಾಗಿ ಬಿಗಿದುಕೊಂಡಿತ್ತು, ಎಷ್ಟು ಎಳೆದರೂ ಜಗ್ಗಲಿಲ್ಲ. "ಬಿಡಿ, ನಾನು ಬಿಚ್ತೀನಿ," ಎಂದು ಮೀಟರಿನವಳು ಬೆಂಚಿನಿಂದಿಳಿದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು, ಮೀಟರಿನ ಮುಂದೆ ಕೂತಂತೆ, ಒಂದು ಮಂಡಿ ಸ್ವಲ್ಪ ಮುಂದೆ. ಉಗುರಿನಿಂದ ಗಂಟು ಬಿಡಿಸಿದಳು. ಶೂವಿನ ಮೂತಿಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. ಬಸ್ಸಿಗೆ ಕಾದಿದ್ದ ಮುದುಕರೊಬ್ಬರು ಇಬ್ಬರನ್ನೂ ನೋಡಿ ಆಚೆ ತಿರುಗಿದರು. ಹಾಕಿಕೊಂಡು ಎದ್ದು ನಿಂತಾಗ ಮೀಟರಿನವಳ ಎತ್ತರವೇ ಬೇರೆಯಾಗಿತ್ತು. "ನೀವು ಇದನ್ನ ಹಾಕ್ಕೊಳ್ಳಿ," ಎಂದು ನೀಲಿ ಚಪ್ಪಲಿಯನ್ನು ಕಾಲಿನಿಂದಲೇ ಈಚೆ ತಳ್ಳಿದಳು. "ಆದ್ರೆ ವಾಪಸ್ ಕೊಡ್ಬೇಕು ಮತ್ತೆ. ಅದು ನಮ್ಮಕ್ಕಂದು, ಕೊಲ್ತಾಳೆ ನನ್ನ." ಇಬ್ಬರೂ ಗಟ್ಟಿಯಾಗಿ ನಕ್ಕರು. ಹೋದ ವಾರದ್ದೇ ನಗು.

"ಹೊರಡ್ತೀನಿ ಮೇಡಂ, ನನ್ನ ಬಸ್ಸು ಬಂತು. ಮುಂದಿನ ವಾರ ಹನ್ನೊಂದಕ್ಕಾಗಲ್ಲ, ಡ್ಯೂಟಿ ಇರುತ್ತೆ. ಸಂಜೆ ಬರ್ತೀನಿ." ಬಸ್ಸು ಉಸಿರುಬಿಟ್ಟು ನಿಂತಿತು, ಬಾಗಿಲು ತೆರೆಯಿತು. ಆಪ್ತಸಮಾಲೋಚಕಿಯ ಎದೆಯಲ್ಲಿ ಆ ಸಂತೋಷ ಮತ್ತೆ ಉಕ್ಕುತ್ತಿತ್ತು. ಹೋಗಲಿ. ಬದುಕಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ, ಶೂ ಬೇಕೆಂದು ಕೇಳಿದ್ದಾಳೆ, ಇನ್ನೇನು ಬೇಕು? ಈಗ ಆ ಮಾತೆತ್ತಿದರೆ ಈ ನಗು ಆರಿಹೋಗುತ್ತದೆ. ಮೇಲೆ ಹೋಗಿ ದೊಡ್ಡಮ್ಮನಿಗೆ ಸಿಕ್ಕಿದಳು ಎಂದರಾಯಿತು, ಇಡೀ ದಿನ ಹಗುರಾಗಿ ಕಳೆಯಬಹುದು. ಮೀಟರಿನವಳು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ತಿರುಗಿ ಕೈಬೀಸಲು ಕೈಯೆತ್ತಿದಳು.

ಕೈಬೀಸುವುದನ್ನು ಕಂಡೇ ಆಪ್ತಸಮಾಲೋಚಕಿ ಎದ್ದು ಓಡಿ ಅವಳ ಚೀಲದ ಪಟ್ಟಿ ಹಿಡಿದುಕೊಂಡಳು. ಎಂಜಿನ್ನಿನ ಸದ್ದಿಗೆ ಮೇಲಾಗುವಂತೆ, ತನಗೆ ಕಲಿಸಿಕೊಟ್ಟ, ತಾನು ಕಲಿಸುವ ಮೆಲ್ಲನೆಯ ಧ್ವನಿಯನ್ನೆಲ್ಲ ಬಿಟ್ಟು ಕೂಗಿದಳು: "ಸಾಯ್ಬೇಕು ಅಂತ ಅನ್ನಿಸ್ತಿದೆಯಾ?"

ಬಸ್ಸಿನೊಳಗಿನವರು ತಿರುಗಿದರು. ಮುದುಕರು ಬಾಯಿ ತೆರೆದು ನಿಂತರು. ಕಂಡಕ್ಟರು "ಹತ್ತೋದಾದ್ರೆ ಹತ್ತ್ರಮ್ಮ" ಎಂದ. ಮೀಟರಿನವಳ ಮುಖದ ನಗು ಹೋಯಿತು, ಅಂದುಕೊಂಡಂತೆಯೇ ಹೋಯಿತು. ಅದರ ಕೆಳಗಿದ್ದ ಮುಖ ಎಷ್ಟು ದಣಿದಿತ್ತೆಂದರೆ ಅದನ್ನು ನೋಡುತ್ತಾ ನಿಲ್ಲುವುದೇ ಕಷ್ಟವಾಯಿತು. ಚೀಲದ ಪಟ್ಟಿ ಮಾತ್ರ ಬಿಡಲಿಲ್ಲ. ಮೀಟರಿನವಳು ಮೆಟ್ಟಿಲಿನಿಂದ ಕಾಲು ಕೆಳಗಿಟ್ಟಳು. ಬಸ್ಸು ಹೊರಟುಹೋಯಿತು. ಇಬ್ಬರೂ ಮತ್ತೆ ಬೆಂಚಿನ ಮೇಲೆ ಕೂತರು.

"ಹೋದ ವಾರಾನೂ ಕೇಳ್ತೀರ ಅಂದ್ಕೊಂಡಿದ್ದೆ," ಎಂದಳು ಮೀಟರಿನವಳು, ನೆಲ ನೋಡುತ್ತಾ. "ಶೂ ಹಾಕ್ಕೊಂಡ ಮೇಲೆ ಕೇಳ್ತೀರ ಅಂತ. ಮೆಟ್ಲು ಇಳಿಯೋವಾಗ ಕರೀತೀರ ಅಂತ ತಿರುಗಿ ನೋಡ್ದೆ."

ಆಪ್ತಸಮಾಲೋಚಕಿಗೆ ಕ್ಷಮಿಸಿ ಎನ್ನುವುದೂ ತನ್ನನ್ನು ಹಗುರ ಮಾಡಿಕೊಳ್ಳುವ ದಾರಿಯೇ ಅನ್ನಿಸಿ ನುಂಗಿಕೊಂಡಳು. "ಕೇಳ್ಬೇಕಿತ್ತು. ಕೇಳ್ಲಿಲ್ಲ," ಎಂದಷ್ಟೇ ಅಂದಳು. "ಈಗ ಹೇಳಿ."

"ಇದೆ." ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಸೋಮವಾರ ಕೆಲಸಕ್ಕೆ ಹೋಗ್ಬೇಕು ಅಂತಾನೂ ಇದೆ. ಎರಡೂ ಇದೆ ಮೇಡಂ. ಸುಳ್ಳಲ್ಲ."

"ಎರಡೂ ಇರ್ಲಿ. ಮೇಲೆ ಬನ್ನಿ. ನಿಮ್ಮಕ್ಕ ಫೋನಲ್ಲಿ ಕಾಯ್ತಿದಾರೆ, ಹೆದರಿದಾರೆ. ಮೊದ್ಲು ಅವ್ರ ಹತ್ರ ಮಾತಾಡಿ."

"ಹನ್ನೆರಡರವರು ಬಂದಿರ್ತಾರಲ್ಲ?"

"ಕಾಯ್ತಾರೆ."

ಮೀಟರಿನವಳು ಕೂತಲ್ಲೇ ಬಗ್ಗಿ ಎರಡೂ ಶೂಗಳ ದಾರವನ್ನು ಬಿಗಿಯಾಗಿ ಕಟ್ಟಿಕೊಂಡಳು, ಎರಡೆರಡು ಗಂಟು ಹಾಕಿ. ಆಮೇಲೆ ಎದ್ದಳು. ರಸ್ತೆ ದಾಟುವಾಗ ಅಕ್ಕನ ಚಪ್ಪಲಿ ಆಪ್ತಸಮಾಲೋಚಕಿಯ ಹಿಮ್ಮಡಿಗೆ ಪಟಪಟ ಹೊಡೆಯುತ್ತಿತ್ತು. ಒಂದಳತೆ ದೊಡ್ಡದು, ಪ್ರತಿ ಹೆಜ್ಜೆಗೂ ಕಳಚಿಕೊಳ್ಳಲು ನೋಡುತ್ತಿತ್ತು. ಬೆರಳುಗಳನ್ನು ಮುದುರಿ ಹಿಡಿದುಕೊಂಡು, ಚೀಲದ ಪಟ್ಟಿಯನ್ನು ಇನ್ನೂ ಬಿಡದೆ ನಡೆದಳು.